ಎಂಜಿನ್ ಆಯಿಲ್ ಮೇಲೆ ಇನ್ನೊಂದು ಬಾಟಲಿ ಬೇಕೇ?

ಸರ್ವಿಸ್ ಬಿಲ್ಲಿನಲ್ಲಿ ‘ಎಂಜಿನ್ ಟ್ರೀಟ್‌ಮೆಂಟ್’, ‘ಆಯಿಲ್ ಬೂಸ್ಟರ್’, ‘ಫ್ಲಶ್’ ಎಂಬ ಸಾಲುಗಳು ಕೇಳದೆಯೇ ಸೇರಿಕೊಳ್ಳುತ್ತಿವೆ ಎಂದು ಹಲವು ಓದುಗರು ಬರೆದಿದ್ದಾರೆ. ಈ ಬಾರಿಯ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನನ್ನದು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 48,000 ಕಿ.ಮೀ. ಓಡಿದೆ, ಯಾವ ತೊಂದರೆಯೂ ಇಲ್ಲ. ಆಯಿಲ್ ಬದಲಿಸುವಾಗ 650 ರೂಪಾಯಿಯ ಅಡಿಟಿವ್ (ಆಯಿಲ್‌ಗೆ ಬೆರೆಸುವ ರಾಸಾಯನಿಕ) ಹಾಕಿಸಿ, ಒಳಗೆ ಲೋಹದ ಮೇಲೆ ಕೋಟಿಂಗ್ ಕೂರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಿನ ಸವೆತ ನಿಲ್ಲುತ್ತದೆ ಎನ್ನುತ್ತಾರೆ. ಹಾಕಿಸಲೇ? (ತುಮಕೂರು)

ಉತ್ತರ: ಬೇಡ. ಆ ದುಡ್ಡಿಗೆ ಒಂದು ಒಳ್ಳೆಯ ಏರ್ ಫಿಲ್ಟರ್ ಹಾಕಿಸಿ. ದೂಳು ಒಳಹೋಗದಂತೆ ನೋಡಿಕೊಂಡರೆ ಉಳಿಯುವಷ್ಟು ಸಿಲಿಂಡರ್ ಯಾವ ಬಾಟಲಿಯಿಂದಲೂ ಉಳಿಯುವುದಿಲ್ಲ.

ನೀವು ಕೊಳ್ಳುವ ಆಯಿಲ್ ಡಬ್ಬಿಯೊಳಗೇ ಅಡಿಟಿವ್ ಇದೆ. ಮಾರುವವರು ಬಾಯಿಬಿಡದ ಸಂಗತಿ ಅದು. ಡಬ್ಬಿಯಲ್ಲಿ ಸುಮಾರು ಶೇ 75ರಿಂದ 90ರಷ್ಟು ಮೂಲ ತೈಲ, ಉಳಿದದ್ದೆಲ್ಲ ರಾಸಾಯನಿಕ. ಸವೆತ ತಡೆಯಲು ಸತು ಮತ್ತು ರಂಜಕ ಸೇರಿದ ಜಿಂಕ್ ಡೈಥಿಯೊಫಾಸ್ಫೇಟ್. ಗ್ಯಾರೇಜಿನವರು ಸುಮ್ಮನೆ ‘ಜಿಂಕ್’ ಎನ್ನುವುದು ಇದನ್ನೇ. ಆಮ್ಲವನ್ನು ತಣಿಸಿ ಪಿಸ್ಟನ್ ಚೊಕ್ಕಟವಾಗಿಡಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಡಿಟರ್ಜೆಂಟು. ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟದಂತೆ ತೇಲಿಸಿಕೊಂಡಿರಲು ಡಿಸ್ಪರ್ಸೆಂಟು. ಬಿಸಿಯಾದಾಗ ತೀರಾ ನೀರಾಗದಂತೆ ಪಾಲಿಮರು, ನೊರೆ ಏಳದಂತೆ ಚೂರು ಸಿಲಿಕೋನು, ಆಕ್ಸಿಡೀಕರಣ ತಡೆಯಲು ಇನ್ನೊಂದು, ಹಲವು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸಲು ಮಾಲಿಬ್ಡಿನಂ. ಇವೆಲ್ಲ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರದ ಪ್ರಮಾಣದಲ್ಲಿರುತ್ತವೆ. ಏಕೆಂದರೆ ಲೋಹದ ಮೇಲ್ಮೈ ಇರುವುದು ಒಂದೇ, ಅದರ ಮೇಲೆ ಕೂರಲು ಜಿಂಕ್, ಡಿಟರ್ಜೆಂಟ್, ಮಾಲಿಬ್ಡಿನಂ ಮೂರಕ್ಕೂ ಪೈಪೋಟಿ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಜಾಗ ಕಳೆದುಕೊಳ್ಳುತ್ತದೆ. ‘ಹೇಗೂ ಒಳ್ಳೆಯದೇ, ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು’ ಎಂಬ ಲೆಕ್ಕ ಇಲ್ಲಿ ನಡೆಯದು.

ಡಬ್ಬಿಯ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಕೊಡುವ ದರ್ಜೆ ಎಸ್‌ಪಿ ಎಂದಿದ್ದರೆ ಆ ಮಿಶ್ರಣ ನಿಜವಾದ ಎಂಜಿನ್‌ಗಳಲ್ಲಿ ಗಂಟೆಗಟ್ಟಲೆ ಓಡಿ ಸವೆತ, ಗಸಿ, ಟೈಮಿಂಗ್ ಚೈನ್ ಹಿಗ್ಗುವುದು, ಬೇರಿಂಗ್ ತುಕ್ಕು ಇತ್ಯಾದಿ ಪರೀಕ್ಷೆಗಳನ್ನು ದಾಟಿದೆ ಎಂದರ್ಥ. ಎಸ್‌ಪಿ ದರ್ಜೆ ಬಂದದ್ದು 2020ರ ಮೇ ತಿಂಗಳಲ್ಲಿ. ಆ ಮುದ್ರೆ ಅನ್ವಯಿಸುವುದು ಡಬ್ಬಿಯಲ್ಲಿದ್ದ ಹಾಗೆಯೇ ಇರುವ ಆಯಿಲ್‌ಗೆ. ನೀವು ಮೇಲಿಂದ 300 ಮಿ.ಲೀ. ಏನನ್ನೋ ಸುರಿದರೆ ಎಂಜಿನ್‌ನಲ್ಲಿರುವುದು ಯಾರೂ ಪರೀಕ್ಷಿಸದ ಹೊಸ ಆಯಿಲ್.

ಕೋಟಿಂಗ್ ಮಾತಿಗೆ ಬರೋಣ. ಇದು ಹಳೆಯ ಕಥೆ. ಅಮೆರಿಕದಲ್ಲಿ 1980–90ರ ದಶಕಗಳಲ್ಲಿ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಪುಡಿ ಬೆರೆಸಿದ ಅಡಿಟಿವ್‌ಗಳು ಭರ್ಜರಿಯಾಗಿ ಮಾರಾಟವಾದವು. ಅಂಟದ ತವೆಯ ಮೇಲೆ ಟೆಫ್ಲಾನ್ ಕೂರಿಸಬೇಕಾದರೆ ಲೋಹವನ್ನು ಉಜ್ಜಿ ಒರಟು ಮಾಡಿ, ಟೆಫ್ಲಾನ್ ಕರಗುವ 327 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖದಲ್ಲಿ ಬೇಯಿಸಬೇಕು. ಆಯಿಲ್ ಚೇಂಬರ್‌ನಲ್ಲಿರುವ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲಿ ಓಡಾಡುತ್ತದೆ, ಅಲ್ಲಿ ಯಾವ ಪುಡಿಯೂ ಲೋಹಕ್ಕೆ ಬೆಸೆಯುವುದಿಲ್ಲ. ಟೆಫ್ಲಾನ್ ಕಂಡುಹಿಡಿದ ಡುಪಾಂಟ್ ಕಂಪನಿಯೇ ಎಂಜಿನ್ ಆಯಿಲ್‌ನಲ್ಲಿ ಇದರಿಂದ ಉಪಯೋಗವಿಲ್ಲ ಎಂದು ಆಗಲೇ ಹೇಳಿತ್ತು. ಈ ಪೈಕಿ ಅತಿ ಹೆಚ್ಚು ಹೆಸರಾಗಿದ್ದ ‘ಸ್ಲಿಕ್ 50’ ವಿರುದ್ಧ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿತು, ಮರುವರ್ಷ ರಾಜಿಯಾಯಿತು. ದೂರಿನ ಮುಖ್ಯ ಅಂಶ ನಿಮಗೆ ಹೇಳಿದ ಅದೇ ಮಾತು: ಸ್ಟಾರ್ಟ್ ಮಾಡುವಾಗ ಎಂಜಿನ್‌ಗೆ ರಕ್ಷಣೆಯೇ ಇರುವುದಿಲ್ಲ ಎಂಬ ಜಾಹೀರಾತು. ಕೈಪಿಡಿ ಹೇಳಿದ ಆಯಿಲ್ ಹಾಕಿದ್ದರೆ ಹೆಚ್ಚಿನ ಎಂಜಿನ್‌ಗಳಿಗೆ ಸ್ಟಾರ್ಟ್ ಮಾಡುವಾಗಲೂ ಸಾಕಷ್ಟು ರಕ್ಷಣೆ ಇದ್ದೇ ಇದೆ ಎಂಬುದು ಕಮಿಷನ್‌ನ ವಾದ.

ಬೆಳಿಗ್ಗೆಯ ಸ್ಟಾರ್ಟಿನಲ್ಲಿ ಸವೆತ ಹೆಚ್ಚು ಎಂಬುದೇನೋ ನಿಜ. ಅದಕ್ಕೆ ಇರುವ ಮದ್ದು ಎರಡು. ಒಂದು, ಕೈಪಿಡಿಯಲ್ಲಿ ಆಯಿಲ್‌ನ ದಪ್ಪ ಸೂಚಿಸುವ ದರ್ಜೆ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಎಂದಿದ್ದರೆ ಅದನ್ನೇ ಹಾಕುವುದು. ‘ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಸರಿ’ ಎಂದು 20ಡಬ್ಲ್ಯು-50 ಹಾಕಬಾರದು. ಎರಡು, ಒಳ್ಳೆಯ ಆಯಿಲ್ ಫಿಲ್ಟರ್. ಅದರೊಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ, ರಾತ್ರಿಯಿಡೀ ಆಯಿಲ್ ಕೆಳಗಿಳಿಯದಂತೆ ಹಿಡಿದಿಡುವುದು ಅದರ ಕೆಲಸ. ಅಗ್ಗದ ಫಿಲ್ಟರ್‌ಗಳಲ್ಲಿ ಈ ರಬ್ಬರ್ ಬೇಗ ಗಟ್ಟಿಯಾಗಿ ಬಿಗಿ ಕಳೆದುಕೊಳ್ಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಎರಡು-ಮೂರು ಸೆಕೆಂಡ್ ಕಟಕಟ ಎಂದು ಆಮೇಲೆ ನಿಂತರೆ ಮೊದಲು ಫಿಲ್ಟರ್ ಬದಲಿಸಿ ನೋಡಿ.

ಪ್ರಶ್ನೆ: ವಸ್ತುಪ್ರದರ್ಶನದಲ್ಲಿ ಯಂತ್ರ ಇಟ್ಟು ಕಣ್ಣೆದುರೇ ತೋರಿಸಿದರು. ತಿರುಗುವ ಉಂಗುರಕ್ಕೆ ಬೇರಿಂಗ್ ಒತ್ತಿದಾಗ ಬರೀ ಆಯಿಲ್‌ನಲ್ಲಿ ಕಿರ್ ಎಂದು ಹಿಡಿದುಕೊಂಡಿತು, ಅಡಿಟಿವ್ ಹಾಕಿದ ಮೇಲೆ ಎಷ್ಟು ತೂಕ ಹೇರಿದರೂ ನಿಲ್ಲಲಿಲ್ಲ. ಇದು ಸುಳ್ಳೇ? (ಹುಬ್ಬಳ್ಳಿ)

ಉತ್ತರ: ಕಂಡದ್ದು ಸುಳ್ಳಲ್ಲ, ಅದರಿಂದ ಎಳೆದ ತೀರ್ಮಾನ ಸುಳ್ಳು.

ಆ ಯಂತ್ರದಲ್ಲಿ ಉಂಗುರಕ್ಕೂ ಬೇರಿಂಗ್‌ಗೂ ತಾಗುವುದು ಕೂದಲೆಳೆಯಷ್ಟು ಅಗಲದ ಗೆರೆ. ಅಷ್ಟು ಚಿಕ್ಕ ಜಾಗದ ಮೇಲೆ ಸನ್ನೆಕೋಲಿನಿಂದ ಒತ್ತಿದರೆ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಇಂಥ ಒತ್ತಡ ಇರುವುದು ಹಿಂಬದಿ ಆಕ್ಸಲ್ಲಿನ ಹಲ್ಲುಚಕ್ರಗಳಲ್ಲಿ. ಅದಕ್ಕೇ ಗೇರ್ ಆಯಿಲ್‌ನಲ್ಲಿ ಗಂಧಕ-ರಂಜಕದ ಅಡಿಟಿವ್ ಬೇರೆಯೇ ಇರುತ್ತದೆ. ನಿಮ್ಮ ಎಂಜಿನ್ನಿನ ಕ್ರ್ಯಾಂಕ್ ಬೇರಿಂಗ್ ಹಾಗಲ್ಲ. ಅಲ್ಲಿ ಶಾಫ್ಟು ಮತ್ತು ಬೇರಿಂಗ್ ನಡುವೆ ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟು ಸಂದು, ಪಂಪು ಅದರೊಳಗೆ ಆಯಿಲ್ ತಳ್ಳುತ್ತದೆ, ತಿರುಗುವ ಶಾಫ್ಟು ಆ ಆಯಿಲ್ ಮೇಲೆ ತೇಲುತ್ತದೆ. ಲೋಹ ಲೋಹಕ್ಕೆ ತಾಗದ ಕಡೆ ಕೋಟಿಂಗ್‌ಗೆ ಕೆಲಸವೇ ಇಲ್ಲ. ಅಲ್ಲಿ ಬೇಕಿರುವುದು ಸರಿಯಾದ ದಪ್ಪ, ಸರಿಯಾದ ಒತ್ತಡ. ತಾಗುವ ಜಾಗಗಳೂ ಇವೆ: ಕ್ಯಾಮ್ ಮೂತಿ, ಪಿಸ್ಟನ್ ಮೇಲ್ತುದಿಗೆ ಬಂದು ಒಂದು ಕ್ಷಣ ನಿಲ್ಲುವಾಗಿನ ರಿಂಗ್, ಟೈಮಿಂಗ್ ಚೈನ್. ಅಲ್ಲಿ ಡಬ್ಬಿಯಲ್ಲಿರುವ ಜಿಂಕ್ ತನ್ನ ತೆಳು ಪದರ ಕಟ್ಟಿಕೊಳ್ಳುತ್ತದೆ.

ಆ ಯಂತ್ರದಲ್ಲಿ ಗೆಲ್ಲುವ ಸುಲಭ ದಾರಿ ಕ್ಲೋರಿನ್ ಸೇರಿದ ಪ್ಯಾರಾಫಿನ್. ಉಜ್ಜಿದಾಗಿನ ಬಿಸಿಗೆ ಕ್ಲೋರಿನ್ ಕಬ್ಬಿಣದೊಂದಿಗೆ ಸೇರಿ ಜಾರುವ ಪದರ ಕಟ್ಟುತ್ತದೆ. ಲೋಹ ಕತ್ತರಿಸುವ ಆಯಿಲ್‌ಗಳಲ್ಲಿ ಇದನ್ನು ಬಳಸುವುದು ಅದಕ್ಕೇ. ಎಂಜಿನ್ ಒಳಗೆ ಇದೇ ಕ್ಲೋರಿನ್, ದಹನದಿಂದ ಹುಟ್ಟುವ ನೀರಿನ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲವಾಗಿ ಬೇರಿಂಗ್ ತಿನ್ನಬಲ್ಲದು. ಹತ್ತು ನಿಮಿಷದ ಪ್ರದರ್ಶನದಲ್ಲಿ ಇದು ಕಾಣುವುದಿಲ್ಲ. ‘ಡ್ಯೂರಾ ಲ್ಯೂಬ್’ ಎಂಬ ಇನ್ನೊಂದು ಉತ್ಪನ್ನದ ಮೇಲೆ ಅದೇ ಕಮಿಷನ್ ಹೂಡಿದ ದೂರಿನಲ್ಲಿ, ಕ್ಲೋರಿನ್ ಸಂಯುಕ್ತ ಇಲ್ಲ ಎಂಬ ಸುಳ್ಳು ಹೇಳಿಕೆಯ ಆರೋಪವೂ ಸೇರಿತ್ತು. 2000ದಲ್ಲಿ ಆ ಕಂಪನಿ ಗ್ರಾಹಕರಿಗಾಗಿ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಪ್ರಶ್ನೆ: ಹಾಕಿದ ಮೇಲೆ ಸೌಂಡ್ ಕಮ್ಮಿಯಾಗಿದೆ, ಮೈಲೇಜ್ 18ರಿಂದ 20ಕ್ಕೆ ಏರಿದೆ. ಅನುಭವವೇ ಸಾಕ್ಷಿಯಲ್ಲವೇ? (ಶಿವಮೊಗ್ಗ)

ಉತ್ತರ: ಅಡಿಟಿವ್ ಹಾಕಿದ ದಿನವೇ ಆಯಿಲ್ಲೂ ಫಿಲ್ಟರೂ ಹೊಸದಾಗಿರುತ್ತವೆ, ಬಹುಶಃ ಏರ್ ಫಿಲ್ಟರ್ ಊದಿ, ಟೈರಿಗೆ ಗಾಳಿಯನ್ನೂ ಸರಿಯಾಗಿ ಹಿಡಿದಿರುತ್ತಾರೆ. ಸೌಂಡ್ ತಗ್ಗಲು ಇಷ್ಟು ಸಾಕು. 18ರಿಂದ 20 ಅಂದರೆ ಶೇ 11ರ ಏರಿಕೆ. ಆಯಿಲ್‌ನ ದರ್ಜೆಯನ್ನೇ ದಪ್ಪದಿಂದ ತೆಳುವಿಗೆ ಬದಲಿಸಿದರೂ ಸಿಗುವ ಉಳಿತಾಯ ಸಾಮಾನ್ಯವಾಗಿ ಶೇ 1ರಿಂದ 3. ಹೀಗಾಗಿ ಶೇ 11 ಬಂದದ್ದು ಬೇರೆ ಎಲ್ಲಿಂದಲೋ: ಹೆದ್ದಾರಿ ಓಡಾಟ, ಎಸಿ ಬಳಕೆ, ಟೈರ್ ಗಾಳಿ, ಇಲ್ಲವೇ ಡ್ಯಾಶ್‌ಬೋರ್ಡ್ ತೋರಿಸುವ ಅಂದಾಜು. ಲೆಕ್ಕ ಬೇಕೆಂದರೆ ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ, ನಾಝಲ್ ಮೊದಲ ಸಲ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಕನಿಷ್ಠ ನಾಲ್ಕೈದು ಟ್ಯಾಂಕ್‌ಗಳ ಸರಾಸರಿ ತೆಗೆಯಿರಿ.

ಪ್ರಶ್ನೆ: 2011ರ ಕಾರು, 1.4 ಲಕ್ಷ ಕಿ.ಮೀ. ಆಗಿದೆ. ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಬರುತ್ತದೆ. ಎಂಜಿನ್ ಇಳಿಸಬೇಕು ಎಂದು ಒಬ್ಬರು, ಜೇನಿನಂತೆ ದಪ್ಪಗಿರುವ ‘ಸ್ಟಾಪ್ ಸ್ಮೋಕ್’ ಹಾಕಿದರೆ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. (ಪುತ್ತೂರು)

ಉತ್ತರ: ಎರಡೂ ಬೇಡ, ಸದ್ಯಕ್ಕೆ. ಎಷ್ಟು ಕುಡಿಯುತ್ತಿದೆ, ಎಲ್ಲಿಂದ ಹೋಗುತ್ತಿದೆ ಎಂದು ತಿಳಿಯದೆ ಯಾವ ಕೆಲಸಕ್ಕೂ ಕೈಹಾಕಬೇಡಿ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು-ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ನೋಡಿ. ಮೇಲಿನ ಗೆರೆಗೆ ಸರಿಯಾಗಿ ತುಂಬಿ, 1,000 ಕಿ.ಮೀ. ಓಡಿಸಿ, ಮತ್ತೆ ಅದೇ ಗೆರೆಗೆ ಬರಲು ಎಷ್ಟು ಹಾಕಬೇಕಾಯಿತು ಎಂದು ಅಳತೆ ಗುರುತಿರುವ ಡಬ್ಬಿಯಿಂದ ಹಾಕಿ ಬರೆದಿಡಿ. ಹಲವು ತಯಾರಕರು 1,000 ಕಿ.ಮೀ.ಗೆ ಅರ್ಧದಿಂದ ಒಂದು ಲೀಟರ್‌ವರೆಗೂ ‘ಸಹಜ’ ಎಂದು ಕೈಪಿಡಿಯಲ್ಲಿ ಬರೆದುಕೊಂಡಿದ್ದಾರೆ. ಅದು ವಾರಂಟಿಯಿಂದ ತಪ್ಪಿಸಿಕೊಳ್ಳುವ ಲೆಕ್ಕ. ಹಳೆಯ ಎಂಜಿನ್ 200–300 ಮಿ.ಲೀ. ಕುಡಿದರೆ ಮೇಲಿಂದ ಹಾಕಿಕೊಂಡು ಓಡಿಸಬಹುದು. ಅದಕ್ಕಿಂತ ಮೇಲೆ ಹೋದರೆ ಹುಡುಕಬೇಕು.

ಹೊಗೆ ಯಾವಾಗ ಬರುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ಹೊಗೆ ಬಂದು ನಿಲ್ಲುತ್ತದೆಯೇ? ನಿಮ್ಮ ಕಡೆಯ ಚಾರ್ಮಾಡಿಯಂಥ ಘಾಟಿಯನ್ನು ಗೇರಿನಲ್ಲೇ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಬರುತ್ತದೆಯೇ? ಹಾಗಿದ್ದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಅವು ಬೆರಳುಗುರಿನಷ್ಟು ಚಿಕ್ಕ ರಬ್ಬರ್ ಟೋಪಿಗಳು. ಹಲವು ಎಂಜಿನ್‌ಗಳಲ್ಲಿ ಹೆಡ್ ಬಿಚ್ಚದೆಯೇ, ಸಿಲಿಂಡರಿಗೆ ಗಾಳಿ ಹಿಡಿದು ವಾಲ್ವ್ ಬೀಳದಂತೆ ತಡೆದು ಬದಲಿಸಬಹುದು. ಏರು ಹತ್ತುವಾಗ, ಲೋಡ್ ಇದ್ದಾಗ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ.

ಇವೆರಡಕ್ಕೂ ಮೊದಲು ಪಿಸಿವಿ ವಾಲ್ವ್ ಬಿಚ್ಚಿ ನೋಡಿ. ಕ್ರ್ಯಾಂಕ್‌ಕೇಸಿನ ಆವಿಯನ್ನು ಮತ್ತೆ ಎಂಜಿನ್ನಿಗೆ ಎಳೆಯುವ ಚಿಕ್ಕ, ಅಗ್ಗದ ಭಾಗವಿದು. ಕೆಟ್ಟು ತೆರೆದೇ ಉಳಿದರೆ ಆವಿಯ ಜೊತೆ ಆಯಿಲ್ಲೂ ಹೋಗುತ್ತದೆ, ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಸೀಲುಗಳಿಂದ ಜಿನುಗುತ್ತದೆ. ಇದೊಂದನ್ನು ಬದಲಿಸಿದ್ದರೆ ಸಾಕಾಗುತ್ತಿದ್ದ ಎಂಜಿನ್‌ಗಳನ್ನೂ ಇಳಿಸಿ ಬೋರ್ ಮಾಡಿಸಿದ್ದುಂಟು. ಇದು ಸರಿಯಿದ್ದರೆ ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿ. ಬುಸುಬುಸು ಹೊಗೆ ತಳ್ಳುತ್ತಿದ್ದರೆ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಅನಿಲ ರಿಂಗ್ ದಾಟಿ ಕೆಳಗೆ ನುಸುಳುತ್ತಿದೆ.

ಆಗ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರಲಿ, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಫ್ಯೂಯೆಲ್ ಪಂಪಿನ ಫ್ಯೂಸು ಮತ್ತು ಕಾಯಿಲ್ ಕನೆಕ್ಟರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್ ಮಾಡಿ. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ತೋರಿಸುತ್ತದೆ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ 10–15ಕ್ಕೂ ಕಡಿಮೆಯಿದ್ದರೆ, ಪ್ಲಗ್ ತೂತಿನಿಂದ 10 ಮಿ.ಲೀ.ನಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಕಂಪ್ರೆಷನ್ ಚೆನ್ನಾಗಿಯೇ ಇದ್ದು ಆಯಿಲ್ ಮಾತ್ರ ಕುಡಿಯುತ್ತಿದ್ದರೆ? ಮೂರನೆಯ ರಿಂಗ್, ಅಂದರೆ ಆಯಿಲ್ ರಿಂಗ್ ಮಸಿ ಕಟ್ಟಿ ತನ್ನ ಕಾಲುವೆಯಲ್ಲೇ ಸಿಕ್ಕಿಹಾಕಿಕೊಂಡಿರಬಹುದು. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗ್‌ಗಳಾದ್ದರಿಂದ ಅಳತೆಯಲ್ಲಿ ಇದು ಸಿಗುವುದಿಲ್ಲ. ರಾಸಾಯನಿಕಕ್ಕೆ ನಿಜವಾದ ಅವಕಾಶ ಇರುವುದು ಇಲ್ಲಿ. ಎಂಜಿನ್ ಬೆಚ್ಚಗಿರುವಾಗ ಪ್ರತಿ ಸಿಲಿಂಡರಿಗೆ 30–50 ಮಿ.ಲೀ. ಪಿಸ್ಟನ್ ಕ್ಲೀನರ್ ಬಿಟ್ಟು ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ ಪ್ಲಗ್ ಹಾಕುವ ಮೊದಲು ತೂತುಗಳ ಮೇಲೆ ದಪ್ಪ ಬಟ್ಟೆ ಮುಚ್ಚಿ ಕ್ರ್ಯಾಂಕ್ ಮಾಡಿ ಉಳಿದ ದ್ರವ ಹೊರಹಾಕಲೇಬೇಕು. ಇದನ್ನು ಮರೆತು ಪ್ಲಗ್ ಬಿಗಿದು ಸ್ಟಾರ್ಟ್ ಮಾಡಿದರೆ ದ್ರವ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕ್ಲೀನರ್ ಚೇಂಬರಿಗೂ ಇಳಿದಿರುವುದರಿಂದ ಎಂಜಿನ್ ಓಡಿಸುವ ಮುನ್ನವೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಒಂದೆರಡು ಸಲ ಮಾಡಿದ ಮೇಲೂ ಫಲ ಕಾಣದಿದ್ದರೆ ಪಿಸ್ಟನ್ ಹೊರತೆಗೆಯುವುದೊಂದೇ ದಾರಿ.

‘ಸ್ಟಾಪ್ ಸ್ಮೋಕ್’ ಬಾಟಲಿಯಲ್ಲಿರುವುದು ಬಹುಪಾಲು ದಪ್ಪ ಪಾಲಿಮರ್. ಆಯಿಲ್ ದಪ್ಪವಾದರೆ ಸವೆದ ರಿಂಗಿನ ಸಂದಿನಿಂದ ನುಸುಳುವುದು ನಿಧಾನವಾಗುತ್ತದೆ, ಹೊಗೆ ಕೆಲವು ದಿನ ತಗ್ಗುತ್ತದೆ. ಸವೆದ ಲೋಹ ಮರಳಿ ಬೆಳೆಯುವುದಿಲ್ಲ. ಬದಲಿಗೆ ವೇರಿಯಬಲ್ ವಾಲ್ವ್ ಟೈಮಿಂಗ್‌ನ ಸೊಲೆನಾಯ್ಡ್, ಟೈಮಿಂಗ್ ಚೈನ್ ಟೆನ್ಷನರ್, ಹೈಡ್ರಾಲಿಕ್ ಟ್ಯಾಪೆಟ್ ಇವುಗಳ ಸೂಜಿತೂತುಗಳಿಗೆ ಈ ಪಾಯಸ ಹೋಗಿ ತಲುಪುವುದು ತಡ. ಹೊಗೆ ನಿಲ್ಲಿಸಲು ಹೋಗಿ ಚೈನ್ ಸದ್ದು ತಂದುಕೊಂಡ ಹಾಗಾಗುತ್ತದೆ. ಕೈಪಿಡಿ ಒಪ್ಪುವುದಾದರೆ 5ಡಬ್ಲ್ಯು-30ರಿಂದ 5ಡಬ್ಲ್ಯು-40ಕ್ಕೆ ಏರುವುದು, ಅಥವಾ ಗಟ್ಟಿಯಾದ ಸೀಲುಗಳನ್ನು ಮೆದುಗೊಳಿಸುವ ಅಂಶವಿರುವ ‘ಹೈ ಮೈಲೇಜ್’ ಆಯಿಲ್ ಹಾಕುವುದು ಇದಕ್ಕಿಂತ ಎಷ್ಟೋ ಮೇಲು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೂ ಇಲ್ಲೊಂದು ಮಾತು. ಈ ಬಾಟಲಿಗಳ ದೊಡ್ಡ ಗಿರಾಕಿಗಳಲ್ಲಿ ಹಳೇ ಕಾರು ಮಾರುವವರೂ ಇದ್ದಾರೆ. ಕಾರು ನೋಡಲು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ. ಡಿಪ್‌ಸ್ಟಿಕ್‌ನ ಆಯಿಲ್ ಬೆರಳಲ್ಲಿ ಮುಟ್ಟಿ ಎಳೆದರೆ ದಾರದಂತೆ ಎಳೆ ಬರುತ್ತಿದ್ದರೆ ಏನೋ ಮುಚ್ಚಿಟ್ಟಿದ್ದಾರೆ.

ಪ್ರಶ್ನೆ: ಆಯಿಲ್ ಬದಲಿಸುವ ಮುನ್ನ ಒಂದು ಲೀಟರ್ ಡೀಸೆಲ್ ಹಾಕಿ ಹತ್ತು ನಿಮಿಷ ಓಡಿಸಿದರೆ ಎಂಜಿನ್ ಒಳಗೆಲ್ಲ ತೊಳೆದಂತಾಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಕಂಪನಿ ಫ್ಲಶ್ ಆದರೆ ಸರಿಯೇ? (ಗದಗ)

ಉತ್ತರ: ಡೀಸೆಲ್ ಖಂಡಿತ ಬೇಡ. ಹತ್ತು ನಿಮಿಷ ಬೇರಿಂಗ್‌ಗಳು ತೆಳು ಡೀಸೆಲ್ ಬೆರೆತ ಆಯಿಲ್‌ನಲ್ಲಿ ತಿರುಗುತ್ತವೆ. ಬಸಿದ ಮೇಲೂ ಕಾಲುವೆಗಳಲ್ಲಿ, ಹೆಡ್‌ನ ಮೂಲೆಗಳಲ್ಲಿ 200–300 ಮಿ.ಲೀ. ಉಳಿದು ಹೊಸ ಆಯಿಲ್ ಅನ್ನು ತೆಳುವಾಗಿಸುತ್ತದೆ.

ಬಾಟಲಿ ಫ್ಲಶ್ ಇದಕ್ಕಿಂತ ವಾಸಿ, ಆದರೆ ಅಪಾಯದ ಬಗೆ ಅದೇ. ಚೇಂಬರಿನ ತಳದಲ್ಲಿ ಆಯಿಲ್ ಪಂಪಿಗೆ ಹೋಗುವ ಬಾಯಿಗೆ ಜಾಲರಿಯ ಸ್ಟ್ರೈನರ್ ಇದೆ. ವರ್ಷಗಟ್ಟಲೆ ಆಯಿಲ್ ಬದಲಿಸದ ಎಂಜಿನ್ನಿನಲ್ಲಿ ಗೋಡೆಗೆ ಅಂಟಿದ ಕಪ್ಪು ಗಸಿಯನ್ನು ದ್ರಾವಕ ಚಕ್ಕೆಚಕ್ಕೆಯಾಗಿ ಎಬ್ಬಿಸಿದರೆ ಅದು ಹೋಗಿ ಕೂರುವುದು ಆ ಜಾಲರಿಯ ಮೇಲೆ. ಆಯಿಲ್ ಒತ್ತಡ ಬಿದ್ದು ಕೆಂಪು ದೀಪ ಹೊತ್ತುವ ಹೊತ್ತಿಗೆ ಬೇರಿಂಗ್ ಹೋಗಿರುತ್ತದೆ. ಅಂದರೆ ಫ್ಲಶ್ ಬೇಕೇಬೇಕು ಅನ್ನಿಸುವಂಥ ಎಂಜಿನ್ನಿಗೇ ಅದು ಹೆಚ್ಚು ಅಪಾಯ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್ನಿಗೆ ತೊಳೆಯಲು ಏನೂ ಇರುವುದಿಲ್ಲ.

ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಕ್ಯಾಮ್ ಸುತ್ತ ಲೋಹ ಕಾಣುತ್ತಿದ್ದು ಮೇಲೆ ಕಂದು ಮೆರುಗು ಮಾತ್ರ ಇದ್ದರೆ ಏನೂ ಮಾಡಬೇಡಿ. ತೆಳುವಾಗಿ ಗಸಿ ಇದ್ದರೆ ಎಸ್‌ಪಿ ದರ್ಜೆಯ ಆಯಿಲ್ ಹಾಕಿ 1,500–2,000 ಕಿ.ಮೀ.ಗೇ ಫಿಲ್ಟರ್ ಸಮೇತ ಬದಲಿಸಿ. ಹೀಗೆ ಎರಡು ಸಲ ಮಾಡಿದರೆ ಆಯಿಲ್ಲಿನ ಡಿಟರ್ಜೆಂಟೇ ನಿಧಾನವಾಗಿ ತೊಳೆದುಕೊಂಡು ಬರುತ್ತದೆ. ಬೆರಳಲ್ಲಿ ಕೆರೆದರೆ ಎದ್ದುಬರುವಷ್ಟು ಗಸಿ ಇದ್ದರೆ ಚೇಂಬರ್ ಬಿಚ್ಚಿಸಿ ಸ್ಟ್ರೈನರ್ ಕೈಯಾರೆ ತೊಳೆಸಿ. ಮುಚ್ಚಳದ ಕೆಳಗೆ ಮಜ್ಜಿಗೆ ಬಣ್ಣದ ನೊರೆ ಇದ್ದರೆ ವಿಷಯ ಬೇರೆ. ದಿನಾ ಎರಡು ಮೂರು ಕಿ.ಮೀ. ಮಾತ್ರ ಓಡಿಸುವ ಕಾರಾದರೆ ಅದು ನೀರಾವಿ, ಒಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಹೋಗುತ್ತದೆ. ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಪ್ರಶ್ನೆ: ಕಾರಿಗೆ ತಂದ ಅಡಿಟಿವ್ ಉಳಿದಿದೆ, ಬೈಕಿಗೆ ಹಾಕಬಹುದೇ? (ಮಂಡ್ಯ)

ಉತ್ತರ: ಹಾಕಬೇಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತವೆ. ಜಾರಿಸುವ ವಸ್ತು ಸೇರಿದರೆ ಕ್ಲಚ್ಚೂ ಜಾರುತ್ತದೆ: ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬೈಕ್ ಆಯಿಲ್ ಡಬ್ಬಿಯ ಮೇಲೆ ಜಪಾನಿನ ಜಾಸೊ ಮಾನದಂಡದ ಎಂಎ ಅಥವಾ ಎಂಎ2 ದರ್ಜೆ ಎಂದು ಬರೆದಿರುವುದು ಈ ಕಾರಣಕ್ಕೇ. ಟ್ರ್ಯಾಕ್ಟರ್ ಇರುವವರಿಗೂ ಇದೇ ಮಾತು. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಇರುವ ಟ್ರ್ಯಾಕ್ಟರಿನ ಹಿಂಬದಿ ಆಯಿಲ್‌ಗೆ ಏನನ್ನೂ ಬೆರೆಸಬೇಡಿ.

ಪ್ರಶ್ನೆ: ಟರ್ಬೊ ಪೆಟ್ರೋಲ್ ಕಾರು. ಎಂಜಿನ್ ಮೇಲೆ ಒತ್ತಡ ಜಾಸ್ತಿಯಲ್ಲವೇ, ಇದಕ್ಕಾದರೂ ಹೆಚ್ಚುವರಿ ರಕ್ಷಣೆ ಬೇಡವೇ? ಡೀಸೆಲ್ ಆದರೆ? (ಬೆಂಗಳೂರು)

ಉತ್ತರ: ಕೈ ಹಾಕಲೇಬಾರದ ಎಂಜಿನ್ ಅಂದರೆ ಇದೇ. ನೇರ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಕಡಿಮೆ ವೇಗದಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಸಿಲಿಂಡರ್ ಗೋಡೆಯ ಆಯಿಲ್ ಹನಿಯೊಂದು ಪ್ಲಗ್ಗಿಗಿಂತ ಮೊದಲೇ ಹೊತ್ತಿಕೊಳ್ಳುವುದುಂಟು. ಒಂದೇ ಬಡಿತಕ್ಕೆ ಪಿಸ್ಟನ್ನಿನ ಅಂಚು ಮುರಿಯಬಹುದು. ಇದಕ್ಕೂ ಆಯಿಲ್‌ನ ಕ್ಯಾಲ್ಸಿಯಂ ಪ್ರಮಾಣಕ್ಕೂ ನೇರ ಸಂಬಂಧ ಕಂಡುಬಂದು, 2018ರ ಎಸ್‌ಎನ್ ಪ್ಲಸ್, ಆಮೇಲಿನ ಎಸ್‌ಪಿ ದರ್ಜೆಗಳಲ್ಲಿ ಇದಕ್ಕೆಂದೇ ಪರೀಕ್ಷೆ ಸೇರಿಸಿದರು. ಕ್ಯಾಲ್ಸಿಯಂ ಇಳಿಸಿ ಮೆಗ್ನೀಸಿಯಂ ಏರಿಸಿದ ಆಯಿಲ್‌ಗಳು ಬಂದವು. ಏನಿದೆ ಎಂದೇ ಬರೆಯದ ಬಾಟಲಿಯನ್ನು ಇಷ್ಟು ಸೂಕ್ಷ್ಮ ಲೆಕ್ಕದೊಳಗೆ ಸುರಿಯುವುದು ಜೂಜು.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಎಂಬ ಮಸಿ ಫಿಲ್ಟರ್ ಇದೆ. ಮಸಿ ಸುಟ್ಟುಹೋಗುತ್ತದೆ, ಆದರೆ ಆಯಿಲ್ಲಿನ ಲೋಹಾಂಶ ಸುಟ್ಟು ಉಳಿಯುವ ಬೂದಿ ಅಲ್ಲೇ ಕೂರುತ್ತದೆ. ಆದ್ದರಿಂದಲೇ ಇವುಗಳಿಗೆ ಬೂದಿ ಕಡಿಮೆಯಿರುವ, ಯುರೋಪಿನ ಎಸಿಇಎ ಮಾನದಂಡದ ಸಿ2, ಸಿ3 ದರ್ಜೆಯ ಆಯಿಲ್ ಹೇಳಿರುತ್ತಾರೆ. ಜಿಂಕ್, ಕ್ಯಾಲ್ಸಿಯಂ ತುಂಬಿದ ಅಡಿಟಿವ್ ಹಾಕಿದರೆ ಬೂದಿ ಹೆಚ್ಚುತ್ತದೆ, ಡಿಪಿಎಫ್ ದುಬಾರಿ. ಇಂಥ ಕಾರನ್ನು ಬರೀ ನಗರದ ಟ್ರಾಫಿಕ್ಕಿನಲ್ಲೇ ಓಡಿಸುವವರು ಆಯಿಲ್ ಮಟ್ಟ ಏರುತ್ತಿದೆಯೇ ಎಂದೂ ನೋಡುತ್ತಿರಿ. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತಾಗಲೆಲ್ಲ ಡೀಸೆಲ್ ಚೇಂಬರಿಗೆ ಇಳಿಯುತ್ತದೆ. ಅದಕ್ಕೆ ಪರಿಹಾರ ಬೇಗ ಆಯಿಲ್ ಬದಲಿಸುವುದು.

ಪ್ರಶ್ನೆ: ಅಪ್ಪ ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ ಇದೆ. ಈಗಿನ ಆಯಿಲ್‌ಗಳಲ್ಲಿ ಜಿಂಕ್ ಕಡಿಮೆ, ಹಳೇ ಎಂಜಿನ್ನಿಗೆ ಅಡಿಟಿವ್ ಬೇಕೇಬೇಕು ಎನ್ನುತ್ತಾರಲ್ಲ? (ಮೈಸೂರು)

ಉತ್ತರ: ಮಾತಿನಲ್ಲಿ ಹುರುಳಿದೆ. ಪದ್ಮಿನಿ, ಅಂಬಾಸಿಡರ್ ಎಂಜಿನ್‌ಗಳಲ್ಲಿ ಕ್ಯಾಮ್ ಚಪ್ಪಟೆ ಟ್ಯಾಪೆಟ್ ಮೇಲೆ ಉಜ್ಜಿಕೊಂಡೇ ಓಡುತ್ತದೆ, ರೋಲರ್ ಇಲ್ಲ. ಜಿಂಕ್ ಅವುಗಳಿಗೆ ಬೇಕೇ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು 2004ರ ಎಸ್‌ಎಂ ದರ್ಜೆಯಿಂದೀಚೆಗೆ ರಂಜಕಕ್ಕೆ ಶೇ 0.08ರ ಮಿತಿ ಹಾಕಿದ್ದೂ ನಿಜ. ಆದರೆ ಆ ಮಿತಿ 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಆಯಿಲ್‌ಗಳಿಗೆ. ನಿಮ್ಮ ಕಾರಿಗೆ ಬೇಕಾದ 20ಡಬ್ಲ್ಯು-50ಕ್ಕೆ ಅದು ಅನ್ವಯಿಸುವುದಿಲ್ಲ. ಒಳ್ಳೆಯ 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿದರೆ ಮುಗಿಯಿತು. ಹೊಸ ಕ್ಯಾಮ್ ಅಥವಾ ಟ್ಯಾಪೆಟ್ ಹಾಕಿದಾಗ ಮಾತ್ರ ಕ್ಯಾಮ್ ಮೂತಿಗಳಿಗೆ ಮಾಲಿಬ್ಡಿನಂ ಪೇಸ್ಟ್ ಹಚ್ಚಿ, ಮೊದಲ 20 ನಿಮಿಷ ಐಡಲ್‌ಗೆ ಬಿಡದೆ 2,000 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸಿ. ಆ ಹೊತ್ತಿನಲ್ಲಿ ಜಿಂಕ್ ಅಡಿಟಿವ್ ಹಾಕಿದರೆ ನಮ್ಮ ಆಕ್ಷೇಪವಿಲ್ಲ.

ಅಡಿಟಿವ್ ಎಂದರೆ ಎಲ್ಲವೂ ಮೋಸ ಎಂದು ನಾವು ಹೇಳುತ್ತಿಲ್ಲ. 1970ರ ದಶಕದ ಕೊನೆಯಲ್ಲಿ ಸೆಸ್ನಾ 172 ವಿಮಾನಗಳಿಗೆ ಹಾಕಿದ್ದ ಲೈಕಮಿಂಗ್‌ನ ಒಂದು ಎಂಜಿನ್ ಮಾದರಿಯಲ್ಲಿ ಕ್ಯಾಮ್, ಟ್ಯಾಪೆಟ್ ಬೇಗ ಸವೆಯುತ್ತಿದ್ದವು. ಲೈಕಮಿಂಗ್ ಕಂಪನಿಯದೇ ಆಯಿಲ್ ಅಡಿಟಿವ್ ಬಳಸುವುದನ್ನು ಅಮೆರಿಕದ ವಿಮಾನಯಾನ ಆಡಳಿತ 1980ರಲ್ಲಿ ಕಡ್ಡಾಯ ಮಾಡಿತು. ಗೊತ್ತಿರುವ ದೋಷ, ಆ ಎಂಜಿನ್ ತಯಾರಿಸಿದವರೇ ಕೊಟ್ಟ ಮದ್ದು, ಇಂತಿಷ್ಟೇ ಅಳತೆ. ಸರ್ವಿಸ್ ಕೌಂಟರಿನ ಬಾಟಲಿಗೆ ಈ ಮೂರೂ ಇರುವುದಿಲ್ಲ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿಗೆ ಹಾಕುವ ಇಂಜೆಕ್ಟರ್ ಕ್ಲೀನರ್ ಕೂಡ ಹೀಗೆಯೇ? (ಬೆಳಗಾವಿ)

ಉತ್ತರ: ಅಲ್ಲ, ಅದು ಬೇರೆ ಜಾತಿ. ಪಾಲಿಈಥರ್ ಅಮೀನ್ ಇರುವ ಕ್ಲೀನರ್‌ಗಳು ಇಂಜೆಕ್ಟರ್ ಮೂತಿಯ ಮಸಿಯನ್ನು ನಿಜವಾಗಿಯೂ ತೆಗೆಯುತ್ತವೆ. ನೇರ ಇಂಜೆಕ್ಷನ್ ಎಂಜಿನ್ನಿನಲ್ಲಿ ಮಾತ್ರ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಮೇಲೆ ಹಾಯುವುದಿಲ್ಲವಾದ್ದರಿಂದ ಆ ವಾಲ್ವ್‌ಗಳು ಇದರಿಂದ ಶುಚಿಯಾಗವು.

ಪ್ರಶ್ನೆ: ಆಯಿಲ್ ಪೂರ್ತಿ ತುಂಬಿದ ಮೇಲೆ 350 ಮಿ.ಲೀ. ಅಡಿಟಿವ್ ಸುರಿದುಬಿಟ್ಟಿದ್ದಾರೆ. ಈಗೇನು ಮಾಡಲಿ? (ಕಲಬುರಗಿ)

ಉತ್ತರ: ಮೊದಲು ಮಟ್ಟ ನೋಡಿ. ಸಾಮಾನ್ಯ ಕಾರುಗಳ ಡಿಪ್‌ಸ್ಟಿಕ್‌ನಲ್ಲಿ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ಸುಮಾರು ಒಂದು ಲೀಟರ್ ಅಂತರ. ಆ ಲೆಕ್ಕದಲ್ಲಿ ನಿಮ್ಮದು ಮೇಲಿನ ಗೆರೆ ದಾಟಿ ಆ ಅಂತರದ ಮೂರನೇ ಒಂದು ಭಾಗದಷ್ಟು ಮೇಲಿರುತ್ತದೆ. ಕ್ರ್ಯಾಂಕ್ ಶಾಫ್ಟ್ ಆಯಿಲ್‌ಗೆ ತಾಗಿ ಕಡೆದರೆ ನೊರೆ ಏಳುತ್ತದೆ, ನೊರೆ ಎಳೆದುಕೊಂಡ ಪಂಪಿನಿಂದ ಒತ್ತಡ ಸಿಗುವುದಿಲ್ಲ. ಹಾಗಾಗಿ ದೂರ ಓಡಿಸಬೇಡಿ. ಡಿಪ್‌ಸ್ಟಿಕ್ ತೂತಿನಿಂದ ತೆಳು ಪೈಪ್ ಇಳಿಸಿ, ದೊಡ್ಡ ಸಿರಿಂಜಿನಿಂದ ಹೆಚ್ಚುವರಿ ಆಯಿಲ್ ಎಳೆದು, ಮೇಲಿನ ಗೆರೆಗಿಂತ ತುಸು ಕೆಳಗೆ ನಿಲ್ಲಿಸಿ. ಕೆಳಗಿನ ನಟ್ಟು ಸಡಿಲಿಸಿ ‘ಸ್ವಲ್ಪ’ ಬಿಡಲು ಹೋದರೆ ಅರ್ಧ ಚೇಂಬರ್ ಖಾಲಿಯಾಗುವುದೇ ಹೆಚ್ಚು.

ನಿಮ್ಮದು ಸಾಮಾನ್ಯ ಪೆಟ್ರೋಲ್ ಎಂಜಿನ್ ಆಗಿದ್ದರೆ ಮಟ್ಟ ಸರಿಮಾಡಿ ಓಡಿಸಿ, ಮುಂದಿನ ಆಯಿಲ್ ಬದಲಾವಣೆಯನ್ನು ತುಸು ಬೇಗನೆ ಮಾಡಿಸಿಕೊಳ್ಳಿ. ಟರ್ಬೊ ಪೆಟ್ರೋಲ್ ಅಥವಾ ಡಿಪಿಎಫ್ ಇರುವ ಡೀಸೆಲ್ ಆಗಿದ್ದರೆ ಈಗಲೇ ಪೂರ್ತಿ ಬಸಿದು, ಫಿಲ್ಟರ್ ಮತ್ತು ಡ್ರೈನ್ ನಟ್ಟಿನ ವಾಷರ್ ಹೊಸದು ಹಾಕಿಸಿ, ಕೈಪಿಡಿ ಹೇಳಿದ ದರ್ಜೆಯ ಆಯಿಲ್ ತುಂಬಿಸಿ. ಕೇಳದೆ ಸುರಿದಿದ್ದರೆ ಬಿಲ್ಲಿನಲ್ಲಿ ಆ ಸಾಲಿನ ಹಣ ವಾಪಸ್ ಕೇಳಿ. ಮುಂದಿನ ಸಲ ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನವೇ ‘ಅಡಿಟಿವ್, ಫ್ಲಶ್ ಬೇಡ’ ಎಂದು ಅದರ ಮೇಲೆ ಬರೆಸಿ.